ಎಲ್ಡನ್‌ನ ಎರಡನೇ ಬಿಸಿನೀರು

ತಲೆ ತುಂಬ ಶಾಂಪೂ ಹಚ್ಚಿಕೊಂಡ ಹೆಂಗಸಿನ ಮೈಮೇಲೆ ಸುರಿಯುತ್ತಿದ್ದ ಬಿಸಿನೀರು ಇದ್ದಕ್ಕಿದ್ದಂತೆ ತಣ್ಣೀರಾದರೆ ಏನಾಗುತ್ತದೆ ಎಂಬುದು ಆ ಭಾನುವಾರ ಬೆಳಿಗ್ಗೆ ನಮ್ಮ ಟ್ರೇಲರ್ ಪಾರ್ಕಿಗೆಲ್ಲ ಗೊತ್ತಾಯಿತು. ಅರಿಜೋನಾದ ಮರುಭೂಮಿ ಎಂದರೆ ಸದಾ ಕಾದ ಬಾಣಲೆ ಅಂದುಕೊಂಡವರು ಜನವರಿಯ ಬೆಳಿಗ್ಗೆ ಇಲ್ಲಿನ ನಲ್ಲಿ ನೀರನ್ನು ನೆತ್ತಿಗೆ ಹಾಕಿಕೊಂಡು ನೋಡಬೇಕು. ಆರ್ಡಿಸ್ ಕಿರುಚಿದ್ದಕ್ಕೆ ಆ ಸಾಲಿನ ನಾಯಿಗಳೆಲ್ಲ ಎದ್ದು ಬೊಗಳಿದವು.

"ರೀ! ಎಲ್ಲಿ ಸತ್ತಿದೀರಿ? ನೀರು!"

ಅವಳ ಗಂಡ ಎಲ್ಡನ್ ಸ್ಟಾವಿಗ್ ಹೊರಗೆ ಕುರ್ಚಿ ಹಾಕಿಕೊಂಡು, ಕಾಲು ಚಾಚಿಕೊಂಡು, ದಿನದ ಮೊದಲ ಕಾಫಿ ಹೀರುತ್ತಿದ್ದ. ನಾರ್ತ್ ಡಕೋಟಾದಲ್ಲಿ ಸ್ಕೂಲ್ ಬಸ್ಸು ಓಡಿಸಿ ನಿವೃತ್ತನಾದವನು, ಅಲ್ಲಿನ ಹಿಮ ತಪ್ಪಿಸಿಕೊಳ್ಳಲು ಪ್ರತಿ ಚಳಿಗಾಲ ಟ್ರೇಲರ್ ಎಂಬ ಗಾಲಿಮನೆ ಎಳೆದುಕೊಂಡು ಇಲ್ಲಿಗೆ ಬರುವವನು. ಮಕ್ಕಳ ಗಲಾಟೆಗೆ ಅರ್ಧ ಕಿವಿ ಹೋಗಿತ್ತು. ಉಳಿದರ್ಧ ಹೆಂಡತಿಗೆ ಮೀಸಲು.

"ಏನಾಯ್ತೇ?"

"ಗ್ಯಾಸ್ ಆಗೋಯ್ತು! ಸಿಲಿಂಡರ್ ನೋಡಿ, ಸಿಲಿಂಡರ್ ನೋಡಿ ಅಂತ ವಾರದಿಂದ ಬಡ್ಕೊಂಡೆ!"

"ಎರಡಿದೆಯಲ್ಲೇ!"

ಎರಡಿತ್ತು, ನಿಜ. ಟ್ರೇಲರಿನ ಮೂತಿಗೆ ಜೋಡಿ ಸಿಲಿಂಡರ್. ಒಂದು ಖಾಲಿಯಾದರೆ ತನ್ನಷ್ಟಕ್ಕೆ ತಾನೇ ಇನ್ನೊಂದಕ್ಕೆ ದಾಟಿಕೊಳ್ಳುವ ಜಾಣ ಏರ್ಪಾಡು. ಆ ಜಾಣತನದ ಫಲ ಏನೆಂದರೆ, ಮೊದಲನೆಯದು ಮುಗಿದದ್ದು ಯಜಮಾನನಿಗೆ ತಿಳಿಯುವುದೇ ಇಲ್ಲ. ಎರಡೂ ಮುಗಿದ ಮೇಲೆ ಹೆಂಡತಿಯ ಬಾಯಿಂದ ತಿಳಿಯುತ್ತದೆ.

ಆರ್ಡಿಸ್ ತಲೆಗೆ ಟವೆಲು ಸುತ್ತಿಕೊಂಡು ಬಾಗಿಲಿಗೆ ಬಂದಳು. ಕಿವಿಯ ಹಿಂದಿನಿಂದ ನೊರೆ ಇಳಿಯುತ್ತಿತ್ತು. ದನಿ ಮಾತ್ರ ತಣ್ಣಗಿತ್ತು. ಎಲ್ಡನ್‌ಗೆ ಹೆದರಿಕೆಯಾದದ್ದು ಅದಕ್ಕೇ.

"ಸಾಯಂಕಾಲ ಆರು ಗಂಟೆವರೆಗೂ ನೋಡ್ತೀನಿ. ಅಷ್ಟರಲ್ಲಿ ಬಿಸಿನೀರು ಬರ್ಲಿಲ್ಲ ಅಂದ್ರೆ ಲವೋನ್‌ಗೆ ಕಾರು ತರೋಕೆ ಹೇಳ್ತೀನಿ. ಚಳಿಗಾಲ ಮುಗಿಯೋವರ್ಗೂ ನಾವಿಬ್ರೂ ಅವಳ ಮನೇಲೇ."

ಎಲ್ಡನ್ ಕಾಫಿ ಕೆಳಗಿಟ್ಟು ಎದ್ದ. ಲವೋನ್ ಎಂದರೆ ಆರ್ಡಿಸಳ ತಂಗಿ, ಒಳ್ಳೆಯ ಹೆಂಗಸೇ. ಆದರೆ ಅವಳ ಗಂಡ ಡ್ವೈಟ್! ಪ್ರಪಂಚದಲ್ಲಿ ಎಲ್ಡನ್‌ಗಿದ್ದ ಒಬ್ಬನೇ ಷಡ್ಡಕ, ಒಬ್ಬನೇ ಸಾಕಾಗಿತ್ತು. ಫೀನಿಕ್ಸಿನಲ್ಲಿದ್ದ ಅವನ ಮನೆಯಲ್ಲಿ ಹೋದ ವರ್ಷ ಕೆಲವು ದಿನ ಇದ್ದು ಬಂದ ಎಲ್ಡನ್ ಇವತ್ತಿಗೂ ನಿದ್ದೆಯಲ್ಲಿ ಬೆಚ್ಚುತ್ತಿದ್ದ. ನಸುಕಿಗೇ ಎಬ್ಬಿಸಿ ವಾಕಿಂಗ್. ಚಪ್ಪಲಿ ಇಲ್ಲಿ ಬಿಡು, ಲೋಟ ಅಲ್ಲಿಡು. ರಾತ್ರಿ ಊಟವಾದ ಮೇಲೆ ಡ್ವೈಟ್ ಹಡಗಿನಲ್ಲಿ ಅಲಾಸ್ಕಕ್ಕೆ ಹೋಗಿ ಬಂದ ಫೋಟೋಗಳು, ಒಂದೊಂದಕ್ಕೂ ವಿವರಣೆಯ ಸಮೇತ. ಅಂಥಲ್ಲಿ ಚಳಿಗಾಲ ಪೂರ್ತಿ!

ಪಾರ್ಕಿನ ಗ್ಯಾಸ್ ಅಂಗಡಿಗೆ ಭಾನುವಾರ ಬೀಗ. ಪಟ್ಟಣಕ್ಕೆ ಹೋದರೆ ಸಿಗುತ್ತಿತ್ತು. ಎಲ್ಡನ್ ಎರಡೂ ಸಿಲಿಂಡರನ್ನು ಪಿಕಪ್ಪಿಗೆ ಎತ್ತಿ ಹಾಕಿ ಹೊರಟೇಬಿಟ್ಟಿದ್ದ. ಹಾಗೆ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಪಕ್ಕದ ಟ್ರೇಲರಿನ ಹಾರ್ಲನ್ ಅಡ್ಡ ಬಂದ.

ಹಾರ್ಲನ್ ನೆಬ್ರಾಸ್ಕದಲ್ಲಿ ಟೆಲಿಫೋನ್ ಕಂಬ ಹತ್ತುತ್ತಿದ್ದವನು. ಈಗ ಕಂಬ ಹತ್ತುವುದನ್ನು ಬಿಟ್ಟು ಕಂಡವರ ತಲೆ ಹತ್ತುತ್ತಿದ್ದ.

"ಗ್ಯಾಸಿಗೆ ದುಡ್ಡು ಸುರೀತೀಯಾ? ತಲೆ ಕೆಟ್ಟಿದೆಯೇನಯ್ಯಾ ನಿಂಗೆ?" ಎಂದ. "ಜಾಗದ ಬಾಡಿಗೇಲೇ ಕರೆಂಟೂ ಸೇರಿದೆ. ಬಿಟ್ಟಿ ಕರೆಂಟು ಕಂಬದಲ್ಲಿ ಕೂತ್ಕೊಂಡು ಬಾ ಬಾ ಅಂತಿದೆ. ಆ ಬಿಸಿನೀರಿನ ಟ್ಯಾಂಕಿಗೇ ಒಂದು ಕರೆಂಟಿನ ಕಾಯಿಲ್ ಸೇರಿಸ್ಬಿಡು. ಗ್ಯಾಸ್ ಇದ್ರೆ ಗ್ಯಾಸು, ಇಲ್ಲದಿದ್ರೆ ಕರೆಂಟು. ಜನ್ಮದಲ್ಲಿ ಮತ್ತೆ ಬೈಸ್ಕೊಳ್ಳೋ ಹಾಗಿಲ್ಲ."

ಬೈಸಿಕೊಳ್ಳುವ ಹಾಗಿಲ್ಲ ಎಂಬ ಮಾತು ಎಲ್ಡನ್‌ಗೆ ನೇರವಾಗಿ ಎದೆಗೇ ತಾಗಿತು. ತಮಾಷೆಯೆಂದರೆ ಅಂಥದೊಂದು ಕಾಯಿಲನ್ನು ಅವನು ಹೋದ ಬೇಸಿಗೆಯಲ್ಲೇ ಕೊಂಡು ಮಂಚದ ಕೆಳಗೆ ಇಟ್ಟಿದ್ದ. ಹೀಟರಿನ ತಳದ ಬಿರಡೆ ತೆಗೆದು, ಅದೇ ತೂತಿಗೆ ಇದನ್ನು ತಿರುಗಿಸಿ, ವೈರನ್ನು ಪ್ಲಗ್ಗಿಗೆ ಚುಚ್ಚಿದರೆ ಮುಗಿಯಿತು. ಸಿಲಿಂಡರ್‌ಗಳು ಪಿಕಪ್ಪಿನಿಂದ ಕೆಳಗಿಳಿದವು.

ಎಲ್ಡನ್ ಟ್ರೇಲರಿನ ಪಕ್ಕೆಯಲ್ಲಿದ್ದ ಹೀಟರಿನ ಮುಚ್ಚಳ ತೆಗೆದ. ನಮ್ಮ ಪಾರ್ಕಿನಲ್ಲಿ ಯಾರಾದರೂ ಟ್ರೇಲರಿನ ಮುಚ್ಚಳ ತೆಗೆದರೆ ಊರಿಗೆಲ್ಲ ಊಟಕ್ಕೆ ಕರೆದಂತೆ. ಕಾಫಿ ಮಗ್ಗು ಹಿಡಿದು ಗಂಡಸರೆಲ್ಲ ಬಂದರು. ಎದುರು ಸಾಲಿನ ಫ್ಲಾಸಿ ಎಂಬ ವಿಧವೆ ತನ್ನ ಮಡಚುಕುರ್ಚಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, ಟಕ್ಕೆಂದು ಬಿಚ್ಚಿ, ಹೆಣಿಗೆ ಸಮೇತ ಮುಂದಿನ ಸಾಲಿನಲ್ಲೇ ಕೂತಳು.

"ಶುರು ಮಾಡಪ್ಪಾ," ಎಂದಳು, "ನಾನೇನೂ ಮಾತಾಡಲ್ಲ."

ಹಾರ್ಲನ್ ಕೇಳದೆಯೇ ಟ್ರೇಲರಿನ ಒಳಗೆ ನುಗ್ಗಿದ. ಟ್ರೇಲರಿಗೆ ಹಿಮ ಬೀಳುವ ಊರುಗಳಲ್ಲಿ ಚಳಿಗಾಲ ಕಳೆಯುವ ಯೋಗ ಬಂದರೆ, ಟ್ಯಾಂಕು ಹೆಪ್ಪುಗಟ್ಟಿ ಒಡೆಯಬಾರದೆಂದು ನೀರನ್ನು ಟ್ಯಾಂಕಿಗೆ ಹೋಗಗೊಡದೆ ಪಕ್ಕದ ಕೊಳವೆಗೆ ತಿರುಗಿಸುವ ಒಂದು ಹಿಡಿ ಮಂಚದ ಕೆಳಗೆ ಇರುತ್ತದೆ. ಹಾರ್ಲನ್ ಅದನ್ನು ಹಿಡಿದು ತಿರುಗಿಸಿದ.

"ನೀರು ನಿಲ್ಸಿದೀನಿ, ಬಿಚ್ಚು!" ಎಂದು ಕಿಟಕಿಯಿಂದ ಕೂಗಿದ.

ಬಿರಡೆ ಅಲ್ಲಾಡಲಿಲ್ಲ. ಇಲ್ಲಿನ ನೀರಿನ ಸುಣ್ಣ ಅದನ್ನು ಟ್ಯಾಂಕಿಗೆ ಗಾರೆ ಹಾಕಿ ಕೂರಿಸಿತ್ತು. ಎಲ್ಡನ್ ನೂಕಿದ. ಹಾರ್ಲನ್ ಬಂದು ಪಾನಾದ ಹಿಡಿಗೆ ಉದ್ದನೆಯ ಪೈಪು ಸಿಕ್ಕಿಸಿ ಜೋತುಬಿದ್ದ. ಇಬ್ಬರೂ ಜೋತುಬಿದ್ದರು. ಇಡೀ ಟ್ರೇಲರು ತೊಟ್ಟಿಲಿನಂತೆ ತೂಗಿತು. ಒಳಗೆ ಪಿಂಗಾಣಿ ಬಿದ್ದ ಸದ್ದು. ಅದರ ಹಿಂದೆಯೇ ಆರ್ಡಿಸಳ ದನಿ.

"ಅದು ನಮ್ಮಮ್ಮನ ತಟ್ಟೆ! ಆಯ್ತು, ಅದನ್ನೂ ಲೆಕ್ಕಕ್ಕೆ ಸೇರಿಸ್ಕೊಂಡಿದೀನಿ!"

ಅಷ್ಟರಲ್ಲಿ ಬಿರಡೆ ಕಿತ್ತುಬಂತು. ಹೊರಗಿನ ನೀರನ್ನು ಹಾರ್ಲನ್ ನಿಲ್ಲಿಸಿದ್ದ. ಒಳಗಿದ್ದ ನೀರಿಗೆ ಯಾರೂ ಹೇಳಿರಲಿಲ್ಲ. ಎರಡು ಕೊಡದಷ್ಟು ತಣ್ಣೀರು, ಸುಣ್ಣದ ಕಲ್ಲುಗಳ ಸಮೇತ, ಮಂಡಿಯೂರಿ ಕೂತಿದ್ದ ಎಲ್ಡನ್‌ನ ಕೊರಳಿಗೆ ನುಗ್ಗಿ ಪ್ಯಾಂಟಿನಿಂದ ಹೊರಬಿತ್ತು.

"ನಾನೇನೂ ಮಾತಾಡಲ್ಲ," ಎಂದಳು ಫ್ಲಾಸಿ.

ಹಲ್ಲು ಕಟಕಟ ಎನ್ನುತ್ತಿದ್ದರೂ ಎಲ್ಡನ್ ಹಿಡಿದ ಕೆಲಸ ಬಿಡಲಿಲ್ಲ. ಹೊಸ ಕಾಯಿಲನ್ನು ತೂತಿಗೆ ತಿರುಗಿಸಿದ. ಬೆಣ್ಣೆಗೆ ಬೆರಳಿಟ್ಟಂತೆ ಕೂತುಕೊಂಡಿತು. ನಲ್ಲಿ ಬಿಟ್ಟು ನೋಡಿದ, ಸೊಗಸಾಗಿ ನೀರು ಬಂತು. ಒಂದು ಹನಿ ಸೋರಲಿಲ್ಲ. ಜನ ಚಪ್ಪಾಳೆ ಹೊಡೆದರು. ಎಲ್ಡನ್ ಎದೆಯುಬ್ಬಿಸಿ ಒಳಗೆ ಹೋದರೆ ಆರ್ಡಿಸ್ ಫೋನಿನಲ್ಲಿದ್ದಳು.

"ಹೂಂ ಕಣೇ ಲವೋನ್, ಆರು ಗಂಟೆಗೆ ಬಂದ್ಬಿಡು. ಇವರಿಗಾಗತ್ತೆ ಅಂತ ನಂಗೇನೂ ಅನ್ಸಲ್ಲ. ಹಾಂ? ಡ್ವೈಟ್ ನಗ್ತಿದಾನಾ?"

ಎಲ್ಡನ್ ಫೋನು ಕಿತ್ತುಕೊಂಡ.

"ಡ್ವೈಟನಿಗೆ ಕೊಡಮ್ಮ. ಏನಯ್ಯಾ ಡ್ವೈಟ್, ನಗ್ತಿದೀಯಂತೆ?"

"ಅಯ್ಯೋ ನಗಲಿಲ್ಲಪ್ಪ. ಪಾಪ, ನಮ್ಮ ಮನೆಗೇ ಬಂದ್ಬಿಡು ಅಂದೆ. ಫೋಟೋಗಳೂ ಇನ್ನೊಂದಷ್ಟಿವೆ."

"ಯಾರಿಗೆ ಬೇಕಯ್ಯಾ ನಿನ್ನ ಮನೆ? ನನ್ ಹತ್ರ ಈಗ ಎರಡೆರಡು ಥರ ಬಿಸಿನೀರಿದೆ. ಗ್ಯಾಸಿಂದು ಒಂದು, ಕರೆಂಟಿಂದು ಒಂದು. ಅಷ್ಟು ದೊಡ್ಡ ಮನೇಲಿ ನಿಂಗೆಷ್ಟಿದೆ? ಒಂದೇ ತಾನೆ? ನಾನೇ ಕೈಯಾರೆ ಹಾಕ್ದೆ. ಒಂದು ಬಿರಡೆ ತೆಗಿಯೋದು, ತಿರುಗಿಸೋದು, ಅಷ್ಟೇ. ಮಕ್ಕಳಾಟ! ಆದ್ರೆ ನಿನ್ನ ಕೈಲಾಗಲ್ಲ ಬಿಡು. ನೀನು ಬಲ್ಬು ಬದಲಾಯ್ಸೋಕೂ ಆಳು ಕರೆಯೋನು."

ಆ ಕಡೆಯವನು ಫೋನು ಇಟ್ಟೇಬಿಟ್ಟ. ಷಡ್ಡಕನಾದ ಇಷ್ಟು ವರ್ಷಗಳಲ್ಲಿ ಡ್ವೈಟ್ ತಾನಾಗಿ ಮಾತು ಮುಗಿಸಿದ್ದು ಅದೇ ಮೊದಲು. ಅದು ಎಲ್ಡನ್‌ಗೆ ಪಾಯಸ ಕುಡಿದಷ್ಟು ಹಿತವಾಯಿತು. ಅದೇ ಖುಷಿಯಲ್ಲಿ ಹೊರಗೆ ಬಂದು, ಎಲ್ಲರೂ ನೋಡುತ್ತಿದ್ದಂತೆ ಪ್ಲಗ್ಗು ಚುಚ್ಚಿದ.

ಸ್ವಲ್ಪ ಹೊತ್ತಿಗೆ ಕಮಟು ವಾಸನೆ ಬಂತು.

"ಯಾರೋ ರೊಟ್ಟಿ ಸೀಯಿಸ್ತಿದಾರೆ," ಎಂದ ಹಾರ್ಲನ್.

"ರೊಟ್ಟಿಯಲ್ಲ, ಎಲ್ಡನ್‌ನ ಹೀಟರು," ಎಂದಳು ಫ್ಲಾಸಿ, ಹೆಣಿಗೆಯಿಂದ ಕಣ್ಣೆತ್ತದೆ. "ಟ್ಯಾಂಕಿಗೆ ನೀರು ತುಂಬ್ಸಿದ್ಯೇನಪ್ಪ?"

"ತುಂಬ್ದೇ ಏನು? ನಲ್ಲೀಲಿ ನೀರು ಬಂತಲ್ಲ!"

"ಬಂತು. ಟ್ಯಾಂಕಿಂದ ಬಂತೋ, ಪಕ್ಕದ ಕೊಳವೆಯಿಂದ ಬಂತೋ? ಒಳಗೆ ಹೋಗಿ ಹಿಡಿ ತಿರುಗಿಸಿದ್ದ ಪುಣ್ಯಾತ್ಮ ವಾಪಸ್ಸು ತಿರುಗಿಸಿದ್ನಾ ಕೇಳು."

ಎಲ್ಲರೂ ಹಾರ್ಲನ್‌ನ ಕಡೆ ತಿರುಗಿದರು. ಹಾರ್ಲನ್ ಖಾಲಿ ಮಗ್ಗಿನಿಂದ ಬಹಳ ಹೊತ್ತು ಕಾಫಿ ಕುಡಿದ.

ಒಣ ಟ್ಯಾಂಕಿನಲ್ಲಿ ಉರಿದ ಕಾಯಿಲು ಹೊರಬಂದಾಗ ಸುಟ್ಟ ಬದನೆಕಾಯಿಯಂತಿತ್ತು. ಎಲ್ಡನ್ ಅದನ್ನು ಹಿಡಿದುಕೊಂಡು ಟ್ರೇಲರಿನ ಮೆಟ್ಟಿಲ ಮೇಲೆ ಕುಸಿದ. ಬಿಸಿಲು ಆಗಲೇ ಪಶ್ಚಿಮಕ್ಕೆ ವಾಲಿತ್ತು. ಕಣ್ಣ ಮುಂದೆ ಅಲಾಸ್ಕದ ಹಿಮಗಡ್ಡೆಗಳು ಒಂದೊಂದಾಗಿ, ವಿವರಣೆಯ ಸಮೇತ, ತೇಲಿಹೋದವು. ಗಂಡಸರು ಮೆಲ್ಲಗೆ ಜಾಗ ಖಾಲಿ ಮಾಡಿದರು.

ಫ್ಲಾಸಿ ಎದ್ದು ಹೋದವಳು ಧೂಳು ಹಿಡಿದ ಡಬ್ಬಿಯೊಂದನ್ನು ತಂದು ಅವನ ಮಡಿಲಿಗೆ ಹಾಕಿದಳು. ಒಳಗೆ ಹೊಸ ಕಾಯಿಲು!

"ನಮ್ಮ ಯಜಮಾನ್ರು ಯಾವಾಗ್ಲೂ ಎರಡು ತರ್ತಿದ್ರು," ಎಂದಳು. "ಒಂದು ಸುಡೋಕೆ, ಒಂದು ಹಾಕೋಕೆ. ಅವರದ್ದೂ ನಿನ್ನಂಥದ್ದೇ ತಲೆ. ಹಾಕ್ಕೋ, ಅಳಬೇಡ."

ಎಲ್ಡನ್‌ಗೆ ಅವಳ ಕಾಲಿಗೆ ಬೀಳಬೇಕೆನ್ನಿಸಿತು. ಈ ಸಲ ಹಾರ್ಲನ್‌ನನ್ನು ಹತ್ತು ಮಾರು ದೂರ ನಿಲ್ಲಿಸಿ, ತಾನೇ ಕಾಯಿಲು ಕೂರಿಸಿ, ಮಂಚದ ಕೆಳಗೆ ತೂರಿ ಹಿಡಿಯನ್ನು ವಾಪಸ್ಸು ತಿರುಗಿಸಿದ. ಬಿಸಿನೀರಿನ ನಲ್ಲಿ ಬಿಟ್ಟು, ಬುಸುಬುಸು ಗಾಳಿಯೆಲ್ಲ ಹೋಗಿ ಧಾರೆ ಒಂದೇ ಸಮನೆ ಬೀಳುವವರೆಗೆ ಕಾದ. ಪ್ಲಗ್ಗು ಚುಚ್ಚಿದ. ಚುಚ್ಚಿದ ಕೂಡಲೇ ಟ್ರೇಲರಿನ ದೀಪವೆಲ್ಲ ಆರಿಹೋಯಿತು; ಒಳಗೆ ಆರ್ಡಿಸ್ ಚಳಿಗೆ ರೂಂ ಹೀಟರೂ ಹಾಕಿಕೊಂಡು ಕಾಫಿಗೂ ಇಟ್ಟಿದ್ದಳು. ಟ್ರೇಲರಿಗೆ ಬರುವ ಕರೆಂಟು ಅಷ್ಟನ್ನು ಹೊರಲಾರದು.

"ಎಲ್ಲಾ ಕಿತ್ತು ಹಾಕೇ! ಬಿಸಿನೀರು ಬೇಕೋ, ಕಾಫಿ ಬೇಕೋ?"

"ಈಗ ನನ್ನೇ ಬೈತೀರಾ?" ಎಂದಳು ಆರ್ಡಿಸ್. ಆದರೂ ಕಿತ್ತಳು. ಎಲ್ಡನ್ ಸ್ವಿಚ್ಚು ಮೇಲೆತ್ತಿ, ಯಾರೂ ಏನನ್ನೂ ಹಚ್ಚದಂತೆ ಅದರ ಮುಂದೆಯೇ ಕಾವಲು ನಿಂತ.

ಆರು ಗಂಟೆಗೆ ಇನ್ನೂ ಸ್ವಲ್ಪ ಇರುವಾಗ ಆರ್ಡಿಸ್ ಸ್ನಾನಕ್ಕೆ ಹೋದಳು. ಬಾಗಿಲ ಸಂದಿಯಿಂದ ಮೊದಲು ಹಬೆ ಬಂತು. ಆಮೇಲೆ ಹಾಡು ಬಂತು. ಮದುವೆಯಾದ ಹೊಸದರಲ್ಲಿ ಹಾಡುತ್ತಿದ್ದ ಹಾಡು! ಎಲ್ಡನ್‌ಗೆ ಕಣ್ಣು ಒದ್ದೆಯಾಯಿತು. ಬೆಳಗಿನಿಂದ ಮೈಗೆ ಮೆತ್ತಿದ್ದ ಸುಣ್ಣ, ಮಣ್ಣು, ಮಸಿ ಯಾವುದೂ ಭಾರವೆನ್ನಿಸಲಿಲ್ಲ.

ಆರ್ಡಿಸ್ ಕೆಂಪಗೆ ಕಾದ ಮುಖ ಹೊತ್ತು ಹೊರಬಂದು, ಅವನ ಮಸಿ ಕೆನ್ನೆಗೆ ಲೊಚ್ಚನೆ ಮುತ್ತು ಕೊಟ್ಟಳು.

"ಒಪ್ಕೊಂಡೆ ಮಾರಾಯ್ರೇ. ನಾನೆಲ್ಲಿಗೂ ಹೋಗಲ್ಲ."

ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದು. ಲವೋನ್ ಸರಿಯಾಗಿ ಆರಕ್ಕೆ ಬಂದಿದ್ದಳು. ಎಲ್ಡನ್ ಬಾಗಿಲು ತೆರೆದು, ರಾಜನ ಹಾಗೆ ಮೆಟ್ಟಿಲ ಮೇಲೆ ನಿಂತ.

"ಬಂದ ದಾರಿಗೆ ಸುಂಕ ಇಲ್ಲಮ್ಮ ಲವೋನ್! ನಿಮ್ಮಕ್ಕ ಬರಲ್ಲ. ಬಿಸಿನೀರು ಬಂದಿದೆ!"

"ನಿಜವಾಗ್ಲೂ ಬಂದಿದ್ಯಾ ಭಾವ? ಅಬ್ಬಾ, ಬದುಕ್ದೆ!" ಎಂದಳು ಲವೋನ್. "ಅಕ್ಕನ್ನ ಕರ್ಕೊಂಡು ಹೋಗೋಕೆ ಬಂದೆ ಅಂದ್ಕೊಂಡ್ರಾ? ಮನೆ ಇದ್ರೆ ತಾನೆ ಕರ್ಕೊಂಡು ಹೋಗೋಕೆ? ನಾವೇ ಇಲ್ಲಿರೋಕೆ ಬಂದಿದೀವಿ."

ಕಾರಿನ ಹಿಂದಿನಿಂದ ದೊಡ್ಡ ಸೂಟ್‌ಕೇಸೊಂದು ಇಳಿಯಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ, ಮಂಡಿಯವರೆಗೆ ತೊಯ್ದ ಪ್ಯಾಂಟಿನಲ್ಲಿ, ಡ್ವೈಟ್.

"ನಿಮ್ಮ ಫೋನು ಇಟ್ಟೋರೇ ಇವರು ಎದ್ದು ಹೀಟರ್ ಹತ್ರ ಹೋದ್ರು ಭಾವ," ಎಂದು ಲವೋನ್ ಅಳುದನಿಯಲ್ಲಿ ಹೇಳಿದಳು. "ಎಲ್ಡನ್ ಟ್ರೇಲರಲ್ಲೇ ಎರಡಿದ್ರೆ ನಂಗೆ ಒಂದು ಯಾಕೆ ಅಂತ. ನೀರು ನಿಲ್ಲಿಸ್ದೇ ಬಿರಡೆ ಬಿಚ್ಚಿದಾರೆ! ಮನೆಗೆಲ್ಲ ಹಾಸಿದ್ದ ಕಾರ್ಪೆಟ್ಟು ಕೆರೆಯಾಗಿದೆ. ಎಲ್ಲ ಕಿತ್ತು, ಒಣಗಿಸಿ, ಹೊಸದು ಹಾಕೋಕೆ ಚಳಿಗಾಲ ಪೂರ್ತಿ ಬೇಕಂತೆ. ಹೋಟೆಲಿಗೆ ಹೋಗೋಣ ಅಂದ್ರೆ, ಎರಡು ಬಿಸಿನೀರಿರೋ ನೆಂಟರನ್ನ ಇಟ್ಕೊಂಡು ಹೋಟೆಲ್ ಯಾಕೆ ಅಂತಾರೆ."

"ಒಳಗೆ ಬನ್ರೇ, ಪಾಪ! ಚಳಿ!" ಎಂದಳು ಆರ್ಡಿಸ್. ಎಲ್ಡನ್‌ನ ಕಡೆ ತಿರುಗಿ, ಮೆಲ್ಲಗೆ, "ನೀವೇ ಹೇಳ್ಕೊಟ್ಟಿದ್ದಲ್ವಾ?" ಎಂದಳು. ಎಲ್ಡನ್ ಬಗ್ಗಿ ಸೂಟ್‌ಕೇಸು ಎತ್ತಿಕೊಂಡ.

ಡ್ವೈಟ್ ಬಾಗಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿದ. "ಚಪ್ಪಲಿ ಎಲ್ಲಿ ಬಿಡೋ ಪದ್ಧತಿ?" ಎಂದು ಕೇಳಿದ. ಬಗಲಲ್ಲಿ ಫೋಟೋಗಳ ಪೆಟ್ಟಿಗೆ ಒಂದಿಷ್ಟೂ ನೆನೆಯದೆ ಭದ್ರವಾಗಿತ್ತು.

ಮೊದಲು ಡ್ವೈಟ್ ಸ್ನಾನ ಮಾಡಿದ, ಸಾವಕಾಶವಾಗಿ. ಆಮೇಲೆ ಲವೋನ್. ಎಲ್ಲರದ್ದೂ ಆದ ಮೇಲೆ, ಬೆಳಗಿನಿಂದ ಆ ಬಿಸಿನೀರಿಗಾಗಿ ಹೆಣಗಿದ್ದ ಎಲ್ಡನ್‌ನ ಸರದಿ. ನೀರು ಬೆಚ್ಚಗಿತ್ತು. ಆಹಾ ಎಂದುಕೊಂಡು ತಲೆಗೆ, ಮುಖಕ್ಕೆ, ಮೈಗೆಲ್ಲ ದಪ್ಪಗೆ ಸೋಪು ಹಚ್ಚಿಕೊಂಡ. ಆ ಹೊತ್ತಿಗೆ ಸರಿಯಾಗಿ ಲವೋನ್ ಕೂದಲು ಒಣಗಿಸುವ ಯಂತ್ರವನ್ನು ಪ್ಲಗ್ಗಿಗೆ ಚುಚ್ಚಿದಳು.

ಕಟ್ಟೆಂದು ಕತ್ತಲಾಯಿತು. ಟ್ಯಾಂಕಿನಲ್ಲಿ ಉಳಿದಿದ್ದ ಎರಡು ಚೊಂಬು ಬಿಸಿನೀರು ಮುಗಿದು, ಅದರ ಹಿಂದೆಯೇ ಜನವರಿ ಬಂತು. ಎಲ್ಡನ್ ಕಿರುಚಿದ. ಆ ಸಾಲಿನ ನಾಯಿಗಳೆಲ್ಲ ಬೊಗಳಿದವು.

"ಗ್ಯಾಸ್ ಹಚ್ರೋ! ಗ್ಯಾಸ್!"

"ಗ್ಯಾಸ್ ಎಲ್ಲಿದೆ ರೀ?" ಎಂದಳು ಆರ್ಡಿಸ್. "ಎರಡೂ ಖಾಲಿ ಸಿಲಿಂಡರನ್ನ ಬೆಳಿಗ್ಗೆ ಪಿಕಪ್ಪಿಂದ ಇಳಿಸಿದೋರು ನೀವೇ ಅಲ್ವಾ?"

ಬಚ್ಚಲ ಬಾಗಿಲನ್ನು ಯಾರೋ ನಯವಾಗಿ ತಟ್ಟಿದರು. ಡ್ವೈಟನ ದನಿ.

"ಎಲ್ಡನ್, ಒಂದು ಮಾತು. ನಿನ್ನ ಈ ಎರಡು ಸಾಲಲ್ಲ ಕಣಯ್ಯಾ, ನಾಲ್ಕು ಜನ ಆದ್ವಿ. ಮೂರನೇದೊಂದು ಹಾಕ್ಬೇಕು. ಒಂದು ಬಿರಡೆ ತೆಗಿಯೋದು, ತಿರುಗಿಸೋದು, ಅಷ್ಟೇ ತಾನೆ? ನೀನು ಅಲ್ಲೇ ಇರು, ನಾನೇ ಹಾಕ್ಕೊಡ್ತೀನಿ. ಪಾನಾ ಎಲ್ಲಿಟ್ಟಿದೀಯ?"

ಹೊರಗೆ ಫ್ಲಾಸಿಯ ಮಡಚುಕುರ್ಚಿ ಟಕ್ಕೆಂದು ಬಿಚ್ಚಿಕೊಂಡ ಸದ್ದು ಕೇಳಿಸಿತು.