ಅವ್ವ ಮಾಘ ದಾಟ್ತಾಳಾ?

ನಾನು ಭಾರತೀನಗರದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟ್ರು. ಬಲ್ಬಾಗಲಿ, ಯಂತ್ರವಾಗಲಿ, ರೋಗಿಯಾಗಲಿ, ಮುಗಿಯುವ ಮೊದಲು ಎಷ್ಟು ಕಾಲ ಬಾಳುತ್ತದೆ ಎಂದು ಅಂದಾಜು ಮಾಡುವ ಲೆಕ್ಕವೊಂದಿದೆ. ಅದನ್ನು ಪಾಠ ಮಾಡುತ್ತೇನೆ. ಒಂದು ಬೀಗರ ಊಟದಲ್ಲಿ ಬಾಯಿ ತಪ್ಪಿ ಇದನ್ನು ಹೇಳಿಬಿಟ್ಟೆ. ಅವತ್ತಿನಿಂದ ನೆಂಟರೆಲ್ಲ ನನ್ನನ್ನು ಯಮನ ಗುಮಾಸ್ತ ಅಂದುಕೊಂಡಿದ್ದಾರೆ. ಇಂಥ ಪ್ರಸಂಗಗಳು ಬೇಡವೆಂದರೂ ಮನೆ ಹುಡುಕಿಕೊಂಡು ಬರುತ್ತವೆ.

ಕೆಡದ ಮೋಟಾರು

ಪಂಪ್‌ಸೆಟ್ಟಿನ ಮೋಟಾರು ಎಷ್ಟು ವರ್ಷ ಬಾಳುತ್ತದೆಂದು ತಿಳಿಯಲು ರೀವೈಂಡಿಂಗ್ ಅಂಗಡಿಗೆ ಹೋದೆ. ಅಂಗಡಿ ತುಂಬ ಸುಟ್ಟ ಮೋಟಾರುಗಳೇ.

"ಇವಷ್ಟೇ ಸಾಲದು. ಕೆಡದೆ ಓಡ್ತಾ ಇರೋವೂ ಲೆಕ್ಕಕ್ಕೆ ಬೇಕು, ಇಲ್ದಿದ್ರೆ ಅಂದಾಜು ತಪ್ಪುತ್ತೆ" ಅಂದೆ.

ಅಂಗಡಿಯವನು ಗೋಡೆಯ ಮೇಲಿನ ದೇವರ ಪಟ ತೋರಿಸಿದ. "ನಂಗೂ ಅವು ಬೇಕು ಸಾ. ಬೆಳಿಗ್ಗೆ ಊದ್‌ಗಡ್ಡಿ ಹಚ್ಚಿ ಕೈ ಮುಗಿಯೋದು ಯಾಕಂತ ಅನ್ಕಂಡ್ರಿ? ಅವೂ ಬಿರ್ನೆ ಸುಟ್ಟೋಗಿ ಇಲ್ಲಿಗೇ ಬರ್ಲಿ ಅಂತಲೇ!"

ಆ ಅರ್ಧ, ಈ ಅರ್ಧ

ಆಮೇಲೆ ಅವ್ವ ಹಾಸಿಗೆ ಹಿಡಿದಳು. ಹೃದಯ ಸೋತಿತ್ತು. ಮಂಡ್ಯದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಈ ಸ್ಥಿತಿಗೆ ಬಂದವರಲ್ಲಿ ಅರ್ಧ ಜನ ವರ್ಷ ದಾಟೋದಿಲ್ಲ" ಅಂದರು. ಇಂಥ ಮಾತನ್ನು ನಾನೇ ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಅವತ್ತು ಮಾತ್ರ ಆಸ್ಪತ್ರೆಯ ಗೇಟಿನ ಹತ್ತಿರ ನಿಂತು ಅತ್ತುಬಿಟ್ಟೆ.

"ಡಾಕ್ಟ್ರು ಏನಂದ್ರ್ಲಾ?" ಅಂದಳು ಅವ್ವ. ಮುಚ್ಚಿಡಲು ಬರಲಿಲ್ಲ, ಹೇಳಿದೆ. ಅವ್ವ ಸೆರಗು ಸರಿಮಾಡಿಕೊಂಡಳು.

"ಹಂಗಾರೆ ಆ ಅರ್ಧಕ್ಕೆ ನಿಮ್ ದೊಡ್ಡವ್ವನ್ನ ಆಕು. ಈ ಅರ್ಧದಲ್ಲಿ ನಾನಿರ್ತೀನಿ."

ದೊಡ್ಡವ್ವ ಅಂದರೆ ಅವಳ ವಾರಗಿತ್ತಿ. ಹಲಗೂರಿನಲ್ಲಿ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದಳು. ಇಬ್ಬರೂ ಸೊಸೆಯರಾಗಿ ಬಂದ ಕಾಲದಿಂದ ಒಬ್ಬರನ್ನೊಬ್ಬರು ಕಂಡರೆ ಉರಿದು ಬೀಳುತ್ತಿದ್ದರು.

ಛತ್ರ

ಆ ದೊಡ್ಡವ್ವನ ಮಗ, ನನಗೆ ಅಣ್ಣನಾಗಬೇಕು, ಒಂದು ದಿನ ಸೇಬು ಹಿಡಿದು ಬಂದ. ಅವನ ಮಗನಿಗೆ ಮದುವೆ ಗೊತ್ತಾಗಿತ್ತು. ಮದ್ದೂರಿನ ಛತ್ರ ಮಾಘದಲ್ಲಿ ಮಾತ್ರ ಖಾಲಿ. ಅಷ್ಟರಲ್ಲಿ ಅವ್ವನಿಗೆ ಏನಾದರೂ ಆದರೆ ದಾಯಾದಿಗಳಿಗೆಲ್ಲ ಸೂತಕ, ಮುಹೂರ್ತ ಕೈಬಿಟ್ಟ ಹಾಗೆ.

ಜಗಲಿಯಲ್ಲಿ ಕೂತು ಮೆಲ್ಲಗೆ ಕೇಳಿದ: "ತಮ್ಮ, ನಿನ್ ಲೆಕ್ಕದಲ್ಲಿ ಚಿಕ್ಕವ್ವ ಮಾಘ ದಾಟ್ತಾಳಾ?"

ಮೈಯೆಲ್ಲ ಉರಿಯಿತು. ಆದರೂ ತಡೆದುಕೊಂಡು, "ಅಣ್ಣ, ಈ ಲೆಕ್ಕ ಗುಂಪಿಗೆ ಹೇಳುತ್ತೆ, ಒಬ್ಬೊಬ್ಬರಿಗಲ್ಲ" ಅಂದೆ.

"ಗುಂಪು ಕಟ್ಕಂಡು ಏನ್ಲಾ ಮಾಡ್ಲಿ? ಛತ್ರ ಹಿಡಿಯೋನು ನಾನೊಬ್ನೇ!"

ಒಳಗಿನಿಂದ ಅವ್ವನ ದನಿ ಬಂತು. "ಲೇ, ಮಾಘಕ್ಕೇ ಮಾಡ್ಲಾ. ನಾನಿರ್ತೀನಿ, ಮಾತು ಕೊಟ್ಟಿವ್ನಿ."

ಮಾತು

ಅವ್ವ ದಿನದಿನಕ್ಕೂ ಇಳಿದುಹೋದಳು. ಗಂಜಿಯೂ ಇಳಿಯುತ್ತಿರಲಿಲ್ಲ. ಆದರೂ ಬೆಳಿಗ್ಗೆ ಕಣ್ಣು ಬಿಟ್ಟೊಡನೆ "ಮಾಘ ಬಂತಾ?" ಅನ್ನುತ್ತಿದ್ದಳು. ನನಗೆ ಹೆದರಿಕೆ. ಮದುವೆ ಮುಗಿದ ಕೂಡಲೇ ಹೊರಟುಬಿಡುತ್ತಾಳೇನೋ ಅಂತ, ಮಾಘ ಬರುವುದೇ ಬೇಡ ಅನಿಸುತ್ತಿತ್ತು. ಹಲಗೂರಿನಿಂದಲೂ ದಿನಾ ಫೋನು: "ಚಿಕ್ಕವ್ವ ಎಂಗವಳೆ?" ಇಡೀ ಕುಲವೇ ಅವ್ವನ ಉಸಿರು ಕಾಯುತ್ತಿತ್ತು.

ಮದುವೆ ಹತ್ತಿರ ಬಂತು. ದೊಡ್ಡವ್ವ ಮಳವಳ್ಳಿಗೆ ಹೋಗಿ ಮೊಮ್ಮಗನ ಮದುವೆಗೆ ಸೀರೆ ಆರಿಸಿ ತಂದು, ಮುದ್ದೆ ಉಂಡು, ಮಧ್ಯಾಹ್ನ ಒಂದು ಗಳಿಗೆ ಒರಗುತ್ತೇನೆಂದು ಮಲಗಿದಳು. ಮತ್ತೆ ಏಳಲಿಲ್ಲ. ಓಡಾಡಿಕೊಂಡಿದ್ದವಳನ್ನು ನಾವು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ನನಗೆ ಆ ಮೋಟಾರಿನ ಅಂಗಡಿ ನೆನಪಾಯಿತು.

ಸುದ್ದಿ ಹೇಳಿದಾಗ ಅವ್ವ ಗೋಡೆ ಕಡೆ ತಿರುಗಿಕೊಂಡಳು. "ಇನ್ ನಾನು ಯಾರ್ ಕುಟ್ಟೆ ಜಗ್ಳ ಆಡ್ಲಿ?" ಅಂದು ಬಿಕ್ಕಿಬಿಕ್ಕಿ ಅತ್ತಳು. ಅವಳು ಹಾಗೆ ಅತ್ತಿದ್ದನ್ನು ನಾನು ಕಂಡೇ ಇರಲಿಲ್ಲ.

ಮದುವೆ ನಿಂತುಹೋಯಿತು. ತಿಥಿ ಮುಗಿಸಿ, ಬೋಳಿಸಿದ ತಲೆಯಲ್ಲಿ ಅಣ್ಣ ಬಂದ. ಅವ್ವನ ಕಾಲ ಬಳಿ ಕೂತು ತಲೆ ತಗ್ಗಿಸಿ, "ಇನ್ ಬರೋ ವರ್ಸದ ಮಾಘಕ್ಕೇ ಚಿಕ್ಕವ್ವ, ಆದ್ರೆ..." ಅಂದು ನನ್ನ ಮುಖ ನೋಡಿದ.

ಅವ್ವ ಕಣ್ಣೊರೆಸಿಕೊಂಡು ಅವನ ಬೋಳುತಲೆ ಸವರಿದಳು.

"ಅವನ್ನ ಯಾಕ್ಲಾ ನೋಡೀಯೆ? ಧೈರ್ಯವಾಗಿ ಛತ್ರ ಹಿಡಿ. ಇರ್ತೀನಿ ಅಂದೆ, ಇವ್ನಿ ತಾನೇ? ಮಾತ್ ತಪ್ಪಿದೋಳು ನಿಮ್ಮವ್ವ ಕಣ್ಲಾ, ನಾನಲ್ಲ."