ಕಾಮಕಸ್ತೂರಿಗೆ ಧೂಮಸ್ನಾನ

ಎಲ್‌ಇಡಿ ದೀಪ ಬಿಸಿಯೇ ಆಗುವುದಿಲ್ಲ ಎಂದು ನಂಬಿರುವ ಮೂರ್ಖರು ನಮ್ಮ ಮೊಂಟೆವಿಡಿಯೊದಲ್ಲಿ ಬೇಕಾದಷ್ಟಿದ್ದಾರೆ. ಬಿಸಿಯಾಗುತ್ತದೆಂದು ತಿಳಿದೂ ಅದಕ್ಕೊಂದು ಫ್ಯಾನ್ ಕಟ್ಟಿ ಇನ್ನಷ್ಟು ಕರೆಂಟು ಸುಡುವ ಮಹಾಮೂರ್ಖ ಮಾತ್ರ ಒಬ್ಬನೇ: ನನ್ನ ಹೆಂಡತಿಯ ತಮ್ಮ ಹೆಬರ್. "ಒಂದು ಚೂರೂ ಕರೆಂಟಿಲ್ಲದೆ ದೀಪ ತಂಪು ಮಾಡದಿದ್ದರೆ ನನ್ನ ಹೆಸರು ಲೀಬರ್ ಅಲ್ಲ!" ಎಂದು ನಾನು ಘೋಷಿಸಿಬಿಟ್ಟೆ.

ಇದೆಲ್ಲ ಅತ್ತೆಗಾಗಿ. ಭೂಮಿಯ ಈ ದಕ್ಷಿಣದ ತುದಿಯಲ್ಲಿ ಜುಲೈ ಎಂದರೆ ನಡು ಚಳಿಗಾಲ; ಆ ಕೊರೆಯುವ ಚಳಿಯಲ್ಲಿ, ಇಪ್ಪತ್ತೊಂಬತ್ತನೇ ತಾರೀಖು, ಅವರಿಗೆ ಎಂಬತ್ತು ತುಂಬುವುದಿತ್ತು. ತಿಂಗಳು ತಿಂಗಳೂ ಆ ತಾರೀಖಿಗೆ ನಮ್ಮಲ್ಲಿ ನ್ಯೋಕಿ ಎಂಬ ಆಲೂಗಡ್ಡೆ ಉಂಡೆ ತಿನ್ನಬೇಕು, ಜೇಬು ಬರಿದಾಗದಿರಲೆಂದು ತಟ್ಟೆಯ ಕೆಳಗೆ ನೋಟು ಇಡಬೇಕು. "ನಮ್ಮಮ್ಮ ಮಾಡ್ತಿದ್ದ ಹಾಗೆ ಹಸಿ ಕಾಮಕಸ್ತೂರಿ ಅರೆದು ಹಾಕಿದ ನ್ಯೋಕಿ ಇನ್ನೊಂದ್ಸಲ ತಿಂದ್ರೆ ಸಾಕಪ್ಪ" ಎಂದಿದ್ದರು ಅತ್ತೆ. ಚಳಿಗಾಲದಲ್ಲಿ ಕಾಮಕಸ್ತೂರಿ ಎಲ್ಲಿ ಬೆಳೆಯುತ್ತದೆ? ನನ್ನ ಉಗ್ರಾಣದಲ್ಲಿ! ಕಿಟಕಿಯಿಲ್ಲದ ಆ ಕೋಣೆಯಲ್ಲಿ ಕುಂಡ ಜೋಡಿಸಿ ದೀಪ ತೂಗುಹಾಕಿದೆ.

ದೀಪದ ಬೆನ್ನು ಕಾದಿತು, ಎಲೆಗಳು ಬಾಡಿದವು. ಹೆಬರ್ ಅಂಗೈಯಗಲದ ಫ್ಯಾನ್ ಹಿಡಿದು ಬಂದ.

"ಭಾವ, ಇದನ್ನ ಹಾಕಿ, ಸಾಕು."

"ತಗೊಂಡ್ಹೋಗಯ್ಯಾ ನಿನ್ನ ಗಿರಗಿಟ್ಲೆ! ಮಾಂಸ ಸುಡೋದು ಬಿಟ್ರೆ ನಿನಗೇನು ಗೊತ್ತು?"

ಉಗ್ರಾಣದ ಗೋಡೆಯಾಚೆಯೇ ಹಿತ್ತಲಿನಲ್ಲಿ ಮಾಂಸ ಸುಡುವ ನಮ್ಮ ಒಲೆ, ಅದರ ಚಿಮಣಿ. ಬಿಸಿಗಾಳಿ ಮೇಲೇರುತ್ತದೆ, ಚಿಮಣಿ ಹುಟ್ಟಿದ್ದೇ ಅದಕ್ಕೆ! ಗೋಡೆ ಕೊರೆದು ದೀಪದ ಬೆನ್ನಿನಿಂದ ಚಿಮಣಿಗೆ ಕೊಳವೆ ಜೋಡಿಸಿದೆ. ಮಳೆ ಬೀಳದಿರಲೆಂದು ಚಿಮಣಿಯ ಬಾಯನ್ನು ಮುಕ್ಕಾಲು ಪಾಲು ತಗಡಿನಿಂದ ಮುಚ್ಚಿದೆ. ದೀಪ ತಣ್ಣಗಾಯಿತು, ಎಲೆಗಳು ತಲೆಯೆತ್ತಿದವು. ನಾನೂ ಎತ್ತಿದೆ, ಸ್ವಲ್ಪ ಹೆಚ್ಚಾಗಿಯೇ.

"ರೀ, ಚಿಮಣಿ ಇರೋದು ಹೊಗೆಗಲ್ವಾ?" ಎಂದಳು ಹೆಂಡತಿ ಮಿರ್ತಾ.

"ಇದು ವಿಜ್ಞಾನ, ನಿನಗೆ ಬೇಡ ಬಿಡು."

ಇಪ್ಪತ್ತೊಂಬತ್ತು ಬಂತು, ಅದೂ ಭಾನುವಾರ. ಅತ್ತೆಗೆ ನನ್ನ ತೋಟ ತೋರಿಸುವ ಶುಭಮುಹೂರ್ತಕ್ಕೆ ಹೆಬರ್ ಮೂಗು ತೂರಿಸಿದ. "ಇಲ್ಲೇನು ಕೆಲಸ ನಿನಗೆ? ಹೋಗಿ ಒಲೆ ಹಚ್ಚು!" ಎಂದು ನಾನೇ, ಈ ನನ್ನ ಸ್ವಂತ ಬಾಯಿಂದಲೇ, ಅಟ್ಟಿದೆ! ಭಾನುವಾರ ಒಲೆ ಹಚ್ಚದ ಮನೆ ನಮ್ಮ ಬೀದಿಯಲ್ಲೇ ಇಲ್ಲ. ಚಿಮಣಿಗೆ ಕೊಳವೆ ಸಿಕ್ಕಿಸಿದ ಮೇಧಾವಿಗೆ ಮಾತ್ರ ಅದು ಹೊಳೆದಿರಲಿಲ್ಲ.

ಅತ್ತೆಗೆ ಮಾತೆ ಎಂಬ ನಮ್ಮೂರ ಎಲೆಯ ಕಷಾಯ ಕುಡಿಸುತ್ತಾ ಗಾಳಿಯ ಗುಣಧರ್ಮದ ಮೇಲೆ ದೀರ್ಘ ಉಪನ್ಯಾಸ ಕೊಟ್ಟೆ. ಆಮೇಲೆ ಠೀವಿಯಿಂದ ಉಗ್ರಾಣದ ಬಾಗಿಲು ತೆರೆದೆ. ಬುಸ್ಸೆಂದು ಹೊಗೆ ಮುಖಕ್ಕೆ ನುಗ್ಗಿತು!

"ಅಳಿಯಂದ್ರೇ," ಅತ್ತೆ ಕೆಮ್ಮಿದರು, "ಇದು ಬೆಳೆಸಿದ ಸೊಪ್ಪೋ, ಸುಟ್ಟ ಸೊಪ್ಪೋ?"

ಎಲೆಗಳೆಲ್ಲ ಮಸಿ. ನನಗೆ ನಿಜವಾಗಿಯೂ ಅಳು ಬಂತು. ಮಿರ್ತಾ ಅವನ್ನು ತೊಳೆದಳು, ಅರೆದಳು, ಬಡಿಸಿದಳು. ಅತ್ತೆ ಮೊದಲ ತುತ್ತು ಬಾಯಿಗಿಟ್ಟರು.

ಅವರ ಕಣ್ಣು ತುಂಬಿತು. "ನಮ್ಮಮ್ಮನ ಸೌದೆ ಒಲೆಯ ವಾಸನೆ! ಅದೇ ರುಚಿ ಕಣೋ! ಹೆಬರ್, ನಿನ್ನ ಕೈಗುಣವೇ ಕೈಗುಣ!"

ಬೆಳೆಸಿದವನು ನಾನು, ಹೊಗಳಿಕೆ ಹೊಗೆ ಹಾಕಿದವನಿಗೆ! ಸಿಟ್ಟಿಗೆ ಫೋರ್ಕನ್ನು ಬಲವಾಗಿ ಊರಿದೆ. ತಟ್ಟೆ ಅಲುಗಾಡಿತು. ಎತ್ತಿ ನೋಡಿದರೆ ಕೆಳಗೆ ನೋಟಿರಲಿಲ್ಲ. ಹೆಬರನ ಆ ಅಂಗೈಯಗಲದ ಫ್ಯಾನ್ ಕೂತಿತ್ತು!

"ಏನಿದು?" ಎಂದು ಗುಡುಗಿದೆ.

ಹೆಬರ್ ತಲೆ ತಗ್ಗಿಸಿ ನ್ಯೋಕಿ ಎಣಿಸತೊಡಗಿದ. ಮಿರ್ತಾ ಶಾಂತವಾಗಿ ಚೀಸು ತುರಿಯುತ್ತಿದ್ದಳು.

"ಅವನಲ್ಲ, ನಾನೇ ಇಟ್ಟಿದ್ದು. ದೀಪಕ್ಕಂತೂ ಬೇಡ ಅಂದ್ರಿ. ನಿಮ್ಮ ತಲೆಗಾದ್ರೂ ಆಗ್ಲಿ, ಕಟ್ಕೊಳ್ಳಿ!"