ಸಾಹಿತಿಯ ಮೆತ್ತೆ, ಸಾವಿತ್ರಿಯ ಅವರೆಕಾಯಿ

ಎಲ್ಲಾದರೂ ಕೂರಲು ಏನಾದರೂ ಹಾಸಿದ್ದರೆ ಕೂತುಬಿಡುವುದು ನಮ್ಮ ಮನೆತನದ ಗುಣ. ಮಣೆ ಹಾಕಿಯೂ ಕೂರದಿದ್ದರೆ ಮನೆಯವರು ಏನೆಂದುಕೊಂಡಾರು ಎಂಬ ದಾಕ್ಷಿಣ್ಯ. ಈ ಹಾಳು ದಾಕ್ಷಿಣ್ಯವೇ ಜಪಾನಿನಲ್ಲಿ ನನ್ನ ಮಾನ ಕಳೆಯಿತು.

ರಾಜಾಜಿನಗರದ ನಮ್ಮ ಕಾರ್ಖಾನೆಯವರು, ಹೊಸ ಯಂತ್ರದ ಕೆಲಸ ಕಲಿತು ಬಾ ಎಂದು ನನ್ನನ್ನು ಹಡಗು ಹತ್ತಿಸಿದ್ದರು. ನಾನು ಪತ್ರಿಕೆಗಳಿಗೆ ಬರೆಯುತ್ತೇನೆಂದು ತಿಳಿದ ಅಲ್ಲಿನ ದುಭಾಷಿ, ಒಂದು ಭಾನುವಾರ ಅವರ ದೊಡ್ಡ ಸಾಹಿತಿಯೊಬ್ಬರ ಮನೆಗೆ ಕರೆದೊಯ್ದ. (ನಾನು ಬರೆದದ್ದನ್ನು ಪತ್ರಿಕೆಯವರು ಹಾಕುತ್ತಾರೆಯೇ ಎಂದು ಅವನು ಕೇಳಲಿಲ್ಲ, ಪುಣ್ಯಾತ್ಮ.) ಸಾಹಿತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮನೆಯನ್ನು ಇದ್ದ ಹಾಗೇ ಕಾಪಾಡಿ, ನೋಡುವವರಿಗೆ ತೆರೆದಿಟ್ಟಿದ್ದರು. ಬಾಗಿಲಲ್ಲೇ ಚಪ್ಪಲಿ ಬಿಡಿಸಿದರು. ಒಳಗೆ ಚಾಪೆಯ ನೆಲ. ನಮ್ಮ ಅಜ್ಜಿ ಮನೆಗೇ ಬಂದಂತಾಯಿತು. ದುಭಾಷಿ ಯಾರೊಡನೆಯೋ ಮಾತಿಗೆ ನಿಂತ. ನಾನೊಬ್ಬನೇ ಒಳಗೆ ಹೋದರೆ, ಒಂದು ಗಿಡ್ಡ ಮೇಜು, ಅದರ ಮುಂದೆ ಒಂದು ಮೆತ್ತೆ. ಎಂಥ ಉಪಚಾರ ಎಂದುಕೊಂಡು ಚಕ್ಕಂಬಕ್ಕಳ ಹಾಕಿ ಕೂತು, ಕಾಫಿಗೆ ಕಾಯತೊಡಗಿದೆ.

ಮನೆ ನೋಡಿಕೊಳ್ಳುವ ಮುದುಕಮ್ಮ ಬಂದವರು ನನ್ನನ್ನು ಕಂಡು ನಿಂತಲ್ಲೇ ನಿಂತರು. ಆಮೇಲೆ ಬಗ್ಗಿ ನಮಸ್ಕರಿಸಿದರು. ನಾನೂ ಕೂತಲ್ಲೇ ಬಗ್ಗಿದೆ. ಅವರು ಇನ್ನಷ್ಟು ಬಗ್ಗಿದರು; ನಾನು ಬಿಡುತ್ತೇನೆಯೇ? ಕೊನೆಗೆ ಅವರು ಹೋಗಿ ಹಾಲಿಲ್ಲದ ಚಹಾ ತಂದಿಟ್ಟರು. ಅರ್ಧ ಕುಡಿದಿದ್ದೆ, ದುಭಾಷಿ ಬಂದು ಬಿಳಿಚಿಕೊಂಡ. ಅದು ಸಾಹಿತಿಗಳು ಬರೆಯುತ್ತಿದ್ದ ಜಾಗವಂತೆ, ಅವರು ಹೋದಮೇಲೆ ಅಲ್ಲಿ ಯಾರೂ ಕೂತಿಲ್ಲವಂತೆ! ನಾಚಿಕೆಯಿಂದ ಹಿಡಿಯಷ್ಟಾದೆ. ಆ ತಾಯಿ ಮಾತ್ರ, ನಾನೆದ್ದ ಮೇಲೆ ಮೆತ್ತೆಯನ್ನು ಕೈಯಿಂದ ಮೆಲ್ಲಗೆ ಸವರಿ, ನಕ್ಕರು.

ಊರಿಗೆ ಬಂದವನೇ ಹೆಂಡತಿ ಸಾವಿತ್ರಿಗೆ ಇದನ್ನೆಲ್ಲ ಹೇಳಿ, ಕೊನೆಗೆ ಮನಸ್ಸಿನಲ್ಲಿದ್ದದ್ದನ್ನೂ ಹೇಳಿದೆ. "ನೋಡು, ಬರೆಯೋರ ಮೇಜಿಗೆ ಅಲ್ಲಿ ಎಂಥ ಮರ್ಯಾದೆ! ನೀನು ಇರೋ ಒಂದು ಮೇಜಿನ ಮೇಲೂ ಅವರೆಕಾಯಿ ಸುಲೀತೀಯ."

"ಅದಕ್ಯಾಕ್ರೀ ಇಷ್ಟು ದೊಡ್ಡ ಭಾಷಣ? ಇಟ್ಕೊಳ್ಳಿ," ಎಂದಳು.

ಮರುದಿನ ಮೇಜು ಥಳಥಳ. ಒರೆಸಿಟ್ಟ ಕನ್ನಡಕ, ಪೆನ್ನು, ಕಾಗದ. ಸಾವಿತ್ರಿ ಮೊರ ಎತ್ತಿಕೊಂಡು ಹಿತ್ತಲಿಗೆ ಹೋದಳು. ಕಾಯಿ ಸುಲಿಯುತ್ತಾ ಅವಳು ಹೇಳುತ್ತಿದ್ದ ಬೀದಿಯ ಸುದ್ದಿಯೆಲ್ಲ ಅವಳ ಜೊತೆಯೇ ಹೋಯಿತು. ನನಗೆ ಒಂದು ಸಾಲೂ ಹುಟ್ಟಲಿಲ್ಲ. ಸಂಜೆ ನಾನು ಬಚ್ಚಲಲ್ಲಿದ್ದಾಗ ಪಕ್ಕದ ಮನೆಯ ರಾಯರು ಬಂದರು. ನಾನು ಊರಿಗೆ ಬಂದದ್ದು ಅವರಿಗೆ ಗೊತ್ತಿರಲಿಲ್ಲ. ಮೇಜನ್ನೂ ಕನ್ನಡಕವನ್ನೂ ನೋಡಿ, ಸಾವಿತ್ರಿಯ ಕಡೆ ತಿರುಗಿ, ಧ್ವನಿ ತಗ್ಗಿಸಿ, "ಯಾವಾಗಮ್ಮ ಹೋಗಿದ್ದು? ನಮಗೊಂದು ಮಾತು ಹೇಳಬಾರ್ದಾಗಿತ್ತಾ?" ಎಂದರು.

ಒದ್ದೆ ಮೈಯಲ್ಲೇ ಓಡಿಬಂದೆ. ರಾಯರು ಒಂದು ಹೆಜ್ಜೆ ಹಿಂದಕ್ಕೆ ಹಾರಿದರು. ಅವರು ಹೋದಮೇಲೆ ಹಿತ್ತಲಿನ ಮೊರವನ್ನು ನಾನೇ ಹೊತ್ತು ತಂದು ಮೇಜಿನ ಮೇಲಿಟ್ಟೆ. ಸಾವಿತ್ರಿ ನಗು ತಡೆದುಕೊಂಡು ಕೂತು, ನಿಲ್ಲಿಸಿದ್ದ ಸುದ್ದಿಯನ್ನು ಮುಂದುವರಿಸಿದಳು. ನನಗೆ ಜೀವ ಬಂದಂತಾಯಿತು.

ಇದನ್ನು ಬರೆಯುತ್ತಿರುವುದೂ ಅವರೆಕಾಯಿಯ ಸಿಪ್ಪೆಗಳ ಮಧ್ಯೆಯೇ. ಅಷ್ಟು ದೊಡ್ಡವರ ಮೆತ್ತೆಯ ಮೇಲೆ ಕೂತಿದ್ದಾಗ ನನ್ನನ್ನು ಏಳಿ ಎನ್ನಲು ಆ ಜಪಾನಿನ ತಾಯಿಗೆ ಬಾಯಿ ಬರಲಿಲ್ಲ. ಇಲ್ಲಿ, ನನ್ನ ಮನೆಯಲ್ಲಿ, ನನ್ನದೇ ಕುರ್ಚಿಯಲ್ಲಿ ಕೂತು ಕೊನೆಯ ಸಾಲು ಬರೆಯುತ್ತಿದ್ದೇನೆ, "ಏಳ್ರೀ ಸ್ವಲ್ಪ, ಕಾಳು ಕೆಳಗೆ ಬಿದ್ದಿದೆ," ಎನ್ನುತ್ತಿದ್ದಾಳೆ ಸಾವಿತ್ರಿ. ಎದ್ದೆ.